ಪಗಾರ ಇಲ್ಲದವಳ ಮಾತು

"ಅಂದ್ರ... ನಿಮಗ ಕನ್ನಡ ಬರ್ತದ?!"

ನೀರಜಾ ಹೆಡ್‌ಫೋನ್ ಕಿತ್ತು ಟೇಬಲ್ ಮೇಲೆ ಒಗೆದಳು. ನಾಸಿಕದ ಕಾಲೇಜ್ ರೋಡಿನ ಆ ಗೇಮಿಂಗ್ ಕೆಫೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಎದುರಿನ ಕಂಪ್ಯೂಟರಿನ ಹಿಂದಿನಿಂದ ಒಂದು ತಲೆ ಮೇಲೆದ್ದಿತು. ಗುಂಗುರು ಕೂದಲು, ನಿದ್ದೆಗೆಟ್ಟ ಕಣ್ಣು, ತುಟಿಯಲ್ಲಿ ಎಷ್ಟು ಅಡಗಿಸಿದರೂ ಅಡಗದ ನಗು.

"ತಿಳೀತದ್ರಿ... ಮಾತಾಡ್ಲಕ್ ಥೋಡಾ ಕಮ್ಮಿ."

ತಿಳೀತದಂತೆ! ನೀರಜಾಳ ಮೈಯೆಲ್ಲ ಉರಿದುಹೋಯಿತು.

ಅದು ೨೦೧೮ನೇ ಇಸವಿ. ಬಂದೂಕಿನ ಆಟದ ಜೋಡಿ ಪಂದ್ಯ. ಒಂದು ಕಡೆ ನೀರಜಾ ಮತ್ತು ಗೆಳತಿ ಸಮೀಕ್ಷಾ, ಇನ್ನೊಂದು ಕಡೆ ಈ ಗುಂಗುರು ಕೂದಲಿನವನು ಮತ್ತು ಅವನ ಜೊತೆಗಾರ. ಹುಡುಗಿಯರಿಬ್ಬರ ಅಪ್ಪಂದಿರೂ ಧಾರವಾಡದಿಂದ ವರ್ಗವಾಗಿ ಬಂದ ಬ್ಯಾಂಕಿನವರು. ಆ ಕೆಫೆಯಲ್ಲಿ ಎದುರಾಳಿಗಳ ಟೇಬಲ್ಲುಗಳು ಬೆನ್ನಿಗೆ ಬೆನ್ನು. ಒಬ್ಬರು ಕೂಗಿದ್ದು ಇನ್ನೊಬ್ಬರಿಗೆ ಕೇಳಿಸುತ್ತಿತ್ತು. ಅದಕ್ಕೇ ಇವರು ಕನ್ನಡದಲ್ಲಿ ಕೂಗುತ್ತಿದ್ದರು. ನಾಸಿಕದಲ್ಲಿ ಕನ್ನಡ ಯಾರಿಗೆ ತಿಳಿಯಬೇಕು ಎಂಬ ಭಂಡ ಧೈರ್ಯ! ಇಲ್ಲಿಯವರೆಗೆ ನಡೆದಿತ್ತು ಕೂಡ. ಇವತ್ತು ಮಾತ್ರ "ಬಾಗಲದ ಹಿಂದ ನಿಂದ್ರು" ಅಂದರೆ ಸಾಕು, ಸಮೀಕ್ಷಾ ನಿಲ್ಲುವ ಮೊದಲೇ ಬಾಗಿಲು ತೂರಿ ಗುಂಡು ಬರುತ್ತಿತ್ತು.

"ಇದು ಮೋಸ!" ಎಂದಳು ನೀರಜಾ.

"ಮೋಸ ಹ್ಯಾಂಗ್ರಿ? ನೀವೇ ಒದರ್ಲಕತ್ತಿದ್ರಿ. ನಾ ಕಿವಿ ಮುಚ್ಕೊಂಡ್ ಆಡ್ಬೇಕಿತ್ತಾ?"

ಅವನು ಸಂಗಮನಾಥ. ಬೀದರ್ ಕಡೆಯ ಕುಟುಂಬ, ಹುಟ್ಟಿ ಬೆಳೆದದ್ದು ಔರಂಗಾಬಾದಿನಲ್ಲಿ. ಅದೇ, ಈಗ ಛತ್ರಪತಿ ಸಂಭಾಜಿನಗರ ಅನ್ನುತ್ತೇವಲ್ಲ, ಆ ಊರು. ಅಪ್ಪ ಗುರುಲಿಂಗಪ್ಪನಿಗೆ ಊರ ಹೊರಗಿನ ಶೇಂದ್ರಾದ ಕಾರ್ಖಾನೆಯಲ್ಲಿ ಕೆಲಸ. ಮಗನಿಗೆ ಮನೆಯಲ್ಲಿ ಕೇಳಿದ ಕನ್ನಡ ಅರ್ಥವಾಗುತ್ತಿತ್ತು. ಬಾಯಿ ತೆರೆದರೆ ಮರಾಠಿಯೇ ಮುಂದೆ ಬರುತ್ತಿತ್ತು.

'ಇವನ ಮುಖ ಇನ್ನೊಮ್ಮೆ ನೋಡಿದ್ರ ಕೇಳು!' ಎಂದುಕೊಂಡಳು ನೀರಜಾ.

ನೋಡಿದಳು. ದಿನಾ ನೋಡುವ ಹಾಗಾಯಿತು!

ಯಾಕೆಂದರೆ ಆ ಜಗಳವನ್ನು ಮೂಲೆಯಲ್ಲಿ ನಿಂತು ಪ್ರಭಾಕರ ಎಂಬವರು ಕೇಳುತ್ತಿದ್ದರು. ಊರಿನ ದೊಡ್ಡ ಕಂಪ್ಯೂಟರ್ ಅಂಗಡಿ ಅವರದು. ಐವರ ತಂಡ ಕಟ್ಟಿ, ಎಲ್ಲರಿಗೂ ಅಂಗಡಿಯ ಹೆಸರಿನ ಜರ್ಸಿ ತೊಡಿಸಿ, ಊರೂರಿಗೆ ಪಂದ್ಯಕ್ಕೆ ಕಳಿಸುವ ಆಸೆ. ಸಂಗಮನಾಥನನ್ನು ಆಗಲೇ ಔರಂಗಾಬಾದಿನಿಂದ ಕರೆಸಿ ಪಗಾರಕ್ಕೆ ತೆಗೆದುಕೊಂಡಿದ್ದರು. ಈಗ ನೀರಜಾಳನ್ನೂ ಕರೆದರು. ಅವಳ ಕೆಲಸ ಗುಂಡು ಹೊಡೆಯುವುದಕ್ಕಿಂತ ಹೆಚ್ಚಾಗಿ ಹೇಳುವುದು. ಯಾರು ಎಲ್ಲಿ ನಿಲ್ಲಬೇಕು, ಯಾವಾಗ ನುಗ್ಗಬೇಕು, ಯಾವಾಗ ಉಸಿರು ಬಿಗಿಹಿಡಿದು ಕಾಯಬೇಕು... ತಂಡದ ತಲೆ ಅವಳು.

"ಪಗಾರ?" ಎಂದು ಕೇಳಿದ್ದಳು.

"ಹುಡುಗಿ ಇರೋ ಟೀಮ್ ಅಂತ ಪೇಪರಿನವರು ಫೋಟೋ ತೆಗೀತಾರೆ. ನಿನಗೆ ಹೆಸರು ಬರುತ್ತೆ. ಮೌಸ್ ಕೊಡ್ತೀನಿ, ಜರ್ಸಿ ಕೊಡ್ತೀನಿ, ಇನ್ನೇನು ಬೇಕು?" ಎಂದು ಮರಾಠಿಯಲ್ಲಿ ನಕ್ಕಿದ್ದರು ಪ್ರಭಾಕರ.

ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು! ಆದರೂ ಅವಳು ಸೇರಿದಳು. ಆಟದ ಹುಚ್ಚು ಅಂಥದ್ದು. ಇಂಥ ಹುಚ್ಚಿನ ಮೇಲೆಯೇ ಎಷ್ಟೋ ಮಂದಿ ಅಂಗಡಿ ನಡೆಸುತ್ತಾರೆ ಬಿಡಿ.

ಮೂವರು ಮರಾಠಿ ಹುಡುಗರು, ಜೊತೆಗೆ ನೀರಜಾ, ಸಂಗಮನಾಥ. ಕೆಲವೇ ವಾರಗಳಲ್ಲಿ ಆ ಮರಾಠಿ ಹುಡುಗರೂ 'ಎಡಕ್ಕ', 'ತಡೀರಿ', 'ನುಗ್ಗರಿ' ಕಲಿತುಬಿಟ್ಟರು. ಎಲ್ಲಕ್ಕಿಂತ ಮುಖ್ಯವಾದ ಕೂಗು ಒಂದಿತ್ತು. ಯಾರಾದರೂ ಒಬ್ಬರೇ ಅಪಾಯದ ಜಾಗಕ್ಕೆ ಹೋಗಬೇಕಾದಾಗ ನೀರಜಾ ಹೇಳುತ್ತಿದ್ದಳು...

"ಹೋಗ್ರಿ. ನಾ ಅದೀನಿ."

ಅಷ್ಟೇ. ಹೋದವನು ಹಿಂದೆ ತಿರುಗಿ ನೋಡುತ್ತಿರಲಿಲ್ಲ. ಹೆಚ್ಚಾಗಿ ಹೋಗುತ್ತಿದ್ದವನು ಸಂಗಮನಾಥ. ಆ ಮಾತು ಕಿವಿಗೆ ಬಿದ್ದಾಗೆಲ್ಲ ಅವನ ಎದೆ ಬೇರೆಯೇ ಕಾರಣಕ್ಕೆ ಹೊಡೆದುಕೊಳ್ಳತೊಡಗಿತು. ಹೇಳಿದನೇ? ಊಹೂಂ! ಗೋಡೆಗೆ ಹೇಳಿದರೂ ಹೇಳಿಯಾನು, ಅವಳಿಗಲ್ಲ.

ಅವಳಿಗೂ ಗೊತ್ತಾಗುತ್ತಿತ್ತು. ಅವನು ತರುವ ಚಹಾದಲ್ಲಿ ಸಕ್ಕರೆ ಯಾವಾಗಲೂ ಸರಿಯಾಗಿರುತ್ತಿತ್ತು. 'ಬಾಯಿ ಬಿಟ್ಟು ಒಂದು ಮಾತು ಹೇಳಬಾರದಾ ಈ ಮನುಷ್ಯ?' ಎಂದು ಒಳಗೊಳಗೇ ಕುದಿಯುತ್ತಿದ್ದಳು.

ಅಷ್ಟರಲ್ಲಿ ಅಪ್ಪ ಅರವಿಂದರಿಗೆ ಹುಬ್ಬಳ್ಳಿಗೆ ವರ್ಗವಾಗುವ ಸುದ್ದಿ ಬಂತು. ಬೇಸಿಗೆಗೆ ಹೊರಡಬೇಕು.

"ನಾ ಇಲ್ಲೇ ಇರ್ತೀನಿ ಅಪ್ಪಾ. ಇದು ನನ್ನ ನೌಕರಿ."

"ಯಾವ ನೌಕರಿವಾ? ನೌಕರಿ ಅಂದ್ರ ಪಗಾರ ಬರ್ತದ. ಪಗಾರ ಬಂದ್ರ ಇರು, ನಾ ಬ್ಯಾಡ ಅನ್ನಂಗಿಲ್ಲ. ಬರಲಿಲ್ಲಂದ್ರ ಸುಮ್ಮ ಗಂಟುಮೂಟಿ ಕಟ್ಟು."

ನೀರಜಾ ಪ್ರಭಾಕರರ ಅಂಗಡಿಗೆ ಹೋಗಿ ಕೇಳಿದಳು. ನಕ್ಕು ಕಳಿಸಿದರು. ಮತ್ತೆ ಹೋದಳು. ಹಬ್ಬ ಮುಗಿಯಲಿ ಅಂದರು. ಆ ದಿನ ಕೆಫೆಗೆ ಬಂದು, ಪಗಾರ ಸಿಗದಿದ್ದರೆ ಹುಬ್ಬಳ್ಳಿಯೇ ಗತಿ ಎಂದು ಸಮೀಕ್ಷಾಳ ಮುಂದೆ ಹೇಳಿಕೊಂಡಳು. ಸಂಗಮನಾಥ ದೂರದಿಂದ ಅವಳನ್ನೇ ನೋಡುತ್ತಿದ್ದ.

ಆಮೇಲೆ ಪವಾಡ! ದೀಪಾವಳಿ ಕಳೆದದ್ದೇ ಪ್ರಭಾಕರ ಒಪ್ಪಿಬಿಟ್ಟರು! ಪಗಾರ ಖಾತೆಗೆ ಬಿತ್ತು. ಅರವಿಂದರು ಬ್ಯಾಂಕಿನಲ್ಲಿ ಮ್ಯಾನೇಜರಿನಿಂದ ಹಿಡಿದು ಸಿಪಾಯಿಯವರೆಗೆ ಎಲ್ಲರಿಗೂ ಪೇಢೆ ಹಂಚಿದರು. "ನಮ್ಮ ಮಗಳು ಆಟ ಆಡಿ ಗಳಸ್ತಾಳ್ರೀ!" ಎಂದು ಕೌಂಟರಿಗೆ ಬಂದ ಗಿರಾಕಿಗಳಿಗೂ ಹೇಳಿದರಂತೆ. ನೀರಜಾ ಆ ರಾತ್ರಿ ಖುಷಿಯಿಂದ ಅತ್ತಳು.

*

ಮಾರ್ಚ್ ತಿಂಗಳಲ್ಲಿ ಔರಂಗಾಬಾದಿನ ಒಂದು ಮಾಲಿನಲ್ಲಿ ದೊಡ್ಡ ಪಂದ್ಯವಿತ್ತು. ಹಿಂದಿನ ದಿನ ಸಂಗಮನಾಥನ ತಾಯಿ ಶಾಂತಾಬಾಯಿ ಇಡೀ ತಂಡವನ್ನು ಊಟಕ್ಕೆ ಕರೆದರು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ನೀರಜಾ ಅಡುಗೆಮನೆಗೆ ಹೋಗಿ ಕೂತಳು.

"ನೀ ಕನ್ನಡದಕಿ ಅಂತ ಕೇಳಿ ಜೀವ ತಂಪಾಯ್ತು ನೋಡ್ ಯವ್ವಾ," ಎನ್ನುತ್ತಾ ಶಾಂತಾಬಾಯಿ ರೊಟ್ಟಿ ತಟ್ಟುತ್ತಿದ್ದರು. "ಒಂದ್ ಮಾತ್ ಕೇಳ್ತೀನಿ, ಖರೇ ಹೇಳು. ನಿಮ್ಮ ಮಾಲಕ ದಿವಾಳಿ ಎದ್ದಾನೇನು?"

"ಯಾಕ್ರೀ ಅಮ್ಮಾ?"

"ದೀಪಾವಳಿ ಆದಾಗಿಂದ ನಮ್ ಸಂಗೂಂದ್ ಪಗಾರ ಅರ್ಧ ಬರ್ಲಕತ್ತದ. ಕೇಳಿದ್ರ ಧಂದಾ ಇಲ್ಲ ಅಂತಾನ. ಅವ್ರಪ್ಪ ದಿನಾ ಬಯ್ತಾರ. ನಿಂದೂ ಅರ್ಧ ಮಾಡ್ಯಾನೇನ್ ಯವ್ವಾ?"

ನೀರಜಾಳ ಕೈಯಲ್ಲಿದ್ದ ರೊಟ್ಟಿಯ ಚೂರು ತಟ್ಟೆಗೆ ಬಿತ್ತು.

ದೀಪಾವಳಿ ಆದಾಗಿನಿಂದ... ಅರ್ಧ... ಅಯ್ಯೋ ದೇವರೇ!

ಅವಳು ಎದ್ದು ಹೊರಗೆ ಬಂದಳು. ಸಂಗಮನಾಥ ಮೆಟ್ಟಿಲ ಮೇಲೆ ನೀರಿನ ತಂಬಿಗೆ ಹಿಡಿದು ನಿಂತಿದ್ದ.

"ನನ್ನ ಪಗಾರ ಯಾರ ರೊಕ್ಕ?"

ಅವನ ಮುಖದ ಬಣ್ಣ ಇಳಿಯಿತು.

"ಹೇಳ್ರಿ! ಯಾರ ರೊಕ್ಕ?"

"ಪ್ರಭಾಕರ್ ಸರ್ ಕೊಡಾಂಗೇ ಇರ್ಲಿಲ್ರಿ... ಅದ್ಕೇ ನಾನೇ ಹೇಳ್ದೆ, ನಂದ್ರಾಗ್ ಅರ್ಧ ಅವ್ರಿಗ್ ಹಾಕ್ರಿ ಅಂತ... ನಿಮ್ಗ್ ತಿಳಿಬಾರ್ದಿತ್ತು."

"ನಮ್ಮಪ್ಪ ಪೇಢೆ ಹಂಚ್ಯಾನ್ರೀ! ಊರ ಮುಂದ ಹೇಳಿಕೊಂಡು ಅಡ್ಡಾಡ್ಯಾನ, ಮಗಳು ಗಳಸ್ತಾಳ ಅಂತ! ನೀವು ನನಗ ದಾನಾ ಕೊಟ್ರಿ?"

"ದಾನ ಅಲ್ರಿ..."

"ಮತ್ತೇನು? ಯಾರದೋ ದುಡ್ಡು ಎಲ್ಲಮ್ಮನ ಜಾತ್ರಿ! ಆ ಮನುಷ್ಯಾಗ ನಾ ಪುಕ್ಕಟೆ ಸಿಕ್ಕೆ, ನೀವು ಅರ್ಧಕ್ಕ ಸಿಕ್ರಿ. ಅವಂಗ ಲಾಭ ಮಾಡಿಕೊಟ್ಟು ನನಗ ಉಪಕಾರ ಮಾಡೀನಿ ಅಂತ ತಿಳ್ಕೊಂಡ್ರಿ!"

ಅವನು ತಂಬಿಗೆಯನ್ನೇ ನೋಡುತ್ತಿದ್ದ. "ನೀವ್ ಹುಬ್ಬಳ್ಳಿಗ್ ಹೋಗ್ಬಿಡ್ತೀರಿ ಅಂತ... ಅಂಜಿಕಿ ಆಯ್ತು."

"ಅಂಜಿಕಿ ಆಗಿದ್ರ ಅದನ್ನ ಹೇಳಬೇಕಿತ್ತು! ರೊಕ್ಕ ಯಾಕ ಕೊಟ್ರಿ?"

ಅವನು ತಂಬಿಗೆಯನ್ನು ಮೆಟ್ಟಿಲ ಮೇಲಿಟ್ಟ. ಈ ಗಂಡಸರ ಕಥೆಯೇ ಇಷ್ಟು. ನಾಲ್ಕು ಅಕ್ಷರದ ಮಾತು ಹೇಳಲಾರದೆ ಅರ್ಧ ಪಗಾರ ಕಳೆದುಕೊಳ್ಳುತ್ತಾರೆ!

"ಈಗ ನಾ ಏನ್ ಮಾಡ್ಲ್ರಿ?" ಎಂದ ಕೊನೆಗೆ.

"ನಿಮ್ಮ ಪಗಾರ ಪೂರಾ ತೊಗೋರಿ. ನನಗ ಬೇಕಾದ್ದು ನಾ ಕೇಳ್ಕೋತೀನಿ. ನಡುವ ಬರಬ್ಯಾಡ್ರಿ."

*

ಮರುದಿನ ಮಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಪ್ರಭಾಕರರ ಪಕ್ಕದಲ್ಲಿ ಹೊಸ ಪ್ರಾಯೋಜಕ ಕಂಪನಿಯ ಮ್ಯಾನೇಜರ್ ಯಶವಂತ ಕೂತಿದ್ದರು. ಪಂದ್ಯಕ್ಕೆ ಮೊದಲು ಸಂಗಮನಾಥ ನೇರ ಹೋಗಿ ನಿಂತ.

"ಸರ್, ಈ ತಿಂಗಳಿಂದ ನನ್ನ ಪಗಾರ ಪೂರ್ತಿ ನನಗೇ ಕೊಡಿ," ಎಂದ ಮರಾಠಿಯಲ್ಲಿ. ನೀರಜಾಳ ಕಡೆ ನೋಡಲಿಲ್ಲ.

"ಹಾಗಾದರೆ ಅವಳದು?" ಪ್ರಭಾಕರ ಹುಬ್ಬೇರಿಸಿದರು.

"ಅದನ್ನು ಅವರು ಮಾತಾಡ್ತಾರೆ."

ನೀರಜಾ ಮುಂದೆ ಬಂದಳು. "ನನ್ನ ಕೆಲಸಕ್ಕೆ ಪಗಾರ ಕೊಡಿ ಸರ್. ಇವರಿಗೆ ಕೊಡುವಷ್ಟೇ."

"ಕೆಲಸ? ಅವನು ಹೊಡೀತಾನೆ, ಗೆಲ್ಲಿಸ್ತಾನೆ. ನೀನು ಬರೀ ಮಾತಾಡ್ತೀಯ! ಮಾತಿಗೆ ಯಾರಾದ್ರೂ ಪಗಾರ ಕೊಡ್ತಾರಾ?"

ಒಂದು ಕ್ಷಣ ಅವಳ ಕಣ್ಣಲ್ಲಿ ನೀರು ತುಂಬಿತು. ಆಮೇಲೆ ಏನೋ ಹೊಳೆಯಿತು.

"ಸರಿ ಸರ್. ಪಗಾರ ಇಲ್ಲ ಅಂದ್ರೆ ಮಾತೂ ಇಲ್ಲ."

ಪಂದ್ಯ ಶುರುವಾಯಿತು. ನೀರಜಾ ಕುರ್ಚಿಯಲ್ಲಿ ಕೂತಳು, ಹೆಡ್‌ಫೋನ್ ಹಾಕಿಕೊಂಡಳು, ಆಡಿದಳು. ಹೊಡೆಯುವಷ್ಟು ಹೊಡೆದಳು. ಬಾಯಿ ಮಾತ್ರ ತೆರೆಯಲಿಲ್ಲ.

ಅಬ್ಬಾ, ಆ ಮೌನ! ಮರಾಠಿ ಹುಡುಗರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು. ಇಬ್ಬರು ಒಂದೇ ಬಾಗಿಲಿಗೆ ನುಗ್ಗಿ ಸತ್ತರು. "ಎಡಕ್ಕಾ? ಬಲಕ್ಕಾ? ತಾಯೀ, ಕಾಹೀತರೀ ಬೋಲ್ ನಾ!" ಎಂದು ಒಬ್ಬ ಅಳುವ ದನಿಯಲ್ಲಿ ಏನಾದರೂ ಮಾತಾಡೆಂದು ಬೇಡಿಕೊಂಡ. ಸಂಗಮನಾಥ ಒಬ್ಬನೇ ಮುಂದೆ ಹೋಗಿ ಹೋಗಿ ಸಾಯುತ್ತಿದ್ದ. ಅವನೊಬ್ಬ ಮಾತ್ರ ಅವಳನ್ನು ಮಾತಾಡು ಎಂದು ಕೇಳಲಿಲ್ಲ. ನಡುವೆ ಬರಬೇಡಿ ಅಂದಿದ್ದಳಲ್ಲ.

ಅರ್ಧ ಪಂದ್ಯ ಮುಗಿದಾಗ ತಂಡ ಸೋಲಿನ ಅಂಚಿನಲ್ಲಿತ್ತು.

ಯಶವಂತರು ಪ್ರಭಾಕರರ ಕಡೆ ವಾಲಿದರು. "ಇವರ ಹಳೆಯ ಪಂದ್ಯಗಳನ್ನು ನೋಡೇ ನಾವು ಹಣ ಹಾಕಿದ್ದು. ಅದರಲ್ಲಿ ಒಬ್ಬ ಹುಡುಗಿ ಇಡೀ ತಂಡ ನಡೆಸುತ್ತಿದ್ದಳು. ಅವಳು ಎಲ್ಲಿ?"

"ಅಲ್ಲೇ... ಅವಳೇ," ಎಂದು ತೊದಲಿದರು ಪ್ರಭಾಕರ.

"ಹಾಗಾದರೆ ಯಾಕೆ ಮಾತಾಡ್ತಿಲ್ಲ?"

ಪ್ರಭಾಕರರ ಹಣೆ ಒದ್ದೆಯಾಯಿತು. ಎದ್ದು ಬಂದು ನೀರಜಾಳ ಕುರ್ಚಿಯ ಬಳಿ ಬಗ್ಗಿದರು. "ಕೊಡ್ತೀನಮ್ಮಾ! ಅವನಷ್ಟೇ ಕೊಡ್ತೀನಿ! ಬಾಯಿ ಬಿಡು!"

"ಯಶವಂತ್ ಸರ್ ಮುಂದೆ ಹೇಳಿ."

ಹಲ್ಲು ಕಡಿಯುತ್ತಾ ಹೇಳಿದರು. ಇವಳಿಗೆ ಇಷ್ಟು ದಿನ ಪಗಾರವನ್ನೇ ಕೊಟ್ಟಿರಲಿಲ್ಲವೇ ಎಂದು ಯಶವಂತರಿಗೆ ಆಶ್ಚರ್ಯ!

ನೀರಜಾ ಮೈಕ್ ಬಾಯಿಯ ಹತ್ತಿರ ಎಳೆದುಕೊಂಡಳು. ಐದೂ ಹೆಡ್‌ಫೋನುಗಳಲ್ಲಿ ಆ ದನಿ ಬಂತು.

"ತಡೀರಿ ಎಲ್ಲಾರೂ. ಸಂಗಮನಾಥ ಅವ್ರ, ಬಲಕ್ಕ. ಹೋಗ್ರಿ... ನಾ ಅದೀನಿ."

ಆಮೇಲಿನ ಆಟ ನೋಡಿದವರು ನೋಡಿದರು. ಸೋಲುತ್ತಿದ್ದ ತಂಡ ಎದ್ದು ನಿಂತಿತು. ಒಂದೊಂದೇ ಸುತ್ತು ಹಿಂದಕ್ಕೆ ಕಿತ್ತುಕೊಂಡರು... ಆದರೂ ಕೊನೆಯ ಸುತ್ತು ಕೈತಪ್ಪಿತು. ಸೋತರು.

"ಸೋತ್ರಲ್ಲ! ಇದಕ್ಕಾ ಪಗಾರ ಕೇಳಿದ್ದು?" ಎಂದು ಹಾರಾಡಿದರು ಪ್ರಭಾಕರ.

"ಸರ್, ನಿಮ್ಮ ಅಂಗಡಿಯಲ್ಲಿ ಗಿರಾಕಿ ಬರದ ದಿನ ಹುಡುಗರ ಪಗಾರ ಕತ್ತರಿಸ್ತೀರಾ? ಗೆದ್ದರೆ ಬಹುಮಾನ. ಪಗಾರ ಕೆಲಸಕ್ಕೆ."

ಯಶವಂತರು ನಕ್ಕರು. ಪ್ರಭಾಕರ ನಗಲಿಲ್ಲ. ಆದರೆ ಪಗಾರ ಬಂತು. ಹಿಂದಿನ ತಿಂಗಳುಗಳದ್ದು ಮಾತ್ರ ಕೊಡಲೇ ಇಲ್ಲ, ಆ ಜನ್ಮ ಅಷ್ಟೇ.

*

ಹೊಸ ಪಗಾರ ಬಿದ್ದ ದಿನ ಸಂಜೆ ನೀರಜಾ ಸಂಗಮನಾಥನನ್ನು ನಾಸಿಕದ ಮನೆಗೆ ಕರೆದುಕೊಂಡು ಬಂದಳು. ಅಪ್ಪನ ಮುಂದೆ ನಿಂತು ನಡೆದದ್ದನ್ನೆಲ್ಲ ಹೇಳಿದಳು. ಅರವಿಂದರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

"ಹಂಗಾದ್ರ ಆ ಪೇಢೆ ಸುಳ್ಳು."

"ಹೂಂ ಅಪ್ಪಾ."

"ಈಗ ಬಂದದ್ದು ಯಾರ ರೊಕ್ಕ?"

"ನಂದು."

"ಮೊದಲಿಂದು ಇವರಿಗೆ ತಿರುಗಿ ಕೊಡಬೇಕಲ್ಲ?"

"ಬ್ಯಾಡ್ರಿ..." ಎಂದ ಸಂಗಮನಾಥ. ನೀರಜಾ ಕಣ್ಣು ಕೆಕ್ಕರಿಸಿದ್ದೇ ಅವನು ಮಾತು ತಿರುಗಿಸಿದ. "ತಗೋತೀನ್ರಿ! ಪೂರಾ ತಗೋತೀನ್ರಿ!"

ಅರವಿಂದರಿಗೆ ನಗು ತಡೆಯಲಾಗಲಿಲ್ಲ. "ಹಂಗಾದ್ರ ನೀ ಇಲ್ಲೇ ಇರವಾ. ಪೇಢೆ ಇನ್ನೊಮ್ಮೆ ಹಂಚೋಣಂತ. ಕೂಡ್ರಿ, ಚಹಾ ಹೇಳ್ತೀನಿ," ಎನ್ನುತ್ತಾ ಒಳಗೆ ಹೋದರು.

ವರಾಂಡದಲ್ಲಿ ಇಬ್ಬರೇ ಉಳಿದರು. ಸಂಗಮನಾಥ ಅಂಗಿಯ ಗುಂಡಿ ತಿರುವುತ್ತಿದ್ದ.

"ನೀರಜಾ..."

"ಏನು?"

"ಅವತ್ತೇ ಹೇಳ್ಬೇಕಿತ್ರಿ... ಹುಬ್ಬಳ್ಳಿಗ್ ಹೋಗ್‌ಬ್ಯಾಡ್ರಿ ಅಂತ. ನೀವ್ ಬೇಕು... ಟೀಮಿಗ್ ಅಲ್ರಿ. ನಂಗ್. ನಂಗ್ ಬೇಕ್ರಿ ನೀವು."

ಅವಳ ಕಣ್ಣು ತುಂಬಿತು, ಸಿಟ್ಟೂ ಬಂತು, ನಗುವೂ ಬಂತು.

"ಇಷ್ಟು ಹೇಳಲಿಕ್ಕೆ ಇಷ್ಟು ದಿವಸ ಬೇಕಾತೇನ್ರಿ?!"

"ಮಾತಾಡ್ಲಕ್ ಥೋಡಾ ಕಮ್ಮಿ ಅಂತ ಅವತ್ತೇ ಹೇಳಿದ್ನಲ್ರಿ..."

ಅವಳು ಅವನ ಕೈಯನ್ನು ಗುಂಡಿಯಿಂದ ಬಿಡಿಸಿ ತನ್ನ ಕೈಯಲ್ಲಿ ಹಿಡಿದುಕೊಂಡಳು.

"ಈ ಮಾತು ಅಪ್ಪಾಗೂ ಹೇಳಬೇಕು."

"ನಾನಾ? ಈಗಾ?"

ಒಳಗೆ ಚಹಾದ ಕಪ್ಪುಗಳ ಸಪ್ಪಳ ಕೇಳಿಸಿತು. ನೀರಜಾ ಅವನ ಬೆನ್ನ ಮೇಲೆ ಕೈಯಿಟ್ಟು ಮೆಲ್ಲಗೆ ಮುಂದಕ್ಕೆ ತಳ್ಳಿದಳು.

"ಹೋಗ್ರಿ. ನಾ ಅದೀನಿ."