ನಡುಗೋಡೆಯ ಆಚೆ

ಅಕ್ಕಯಮ್ಮ ಮರದ ಸುತ್ತಿಗೆಯಿಂದ ಗೋಡೆಯನ್ನು ಎರಡು ಸಲ ತಟ್ಟಿದರು. ಗೋಡೆಯ ಆಚೆಯಿಂದಲೂ ಎರಡು ಸಲ ತಟ್ಟಿದ ಸದ್ದು ಬಂತು.

ರಂಜಿತಳ ಪೆನ್ನು ಅರ್ಧ ಸಾಲಿನಲ್ಲೇ ನಿಂತಿತು. ಕೋಲಾರದ ಸುತ್ತಮುತ್ತ ಹಳೇ ಮನೆ ಕೊಳ್ಳುವವರು ಮಾತು ಮುಗಿಸುವ ಮೊದಲು ಅಕ್ಕಯಮ್ಮನನ್ನು ಕಳಿಸಿ ನೋಡಿಸುತ್ತಿದ್ದರು. ನಲವತ್ತು ವರ್ಷ ಗಾರೆ ಕೆಲಸ ಮಾಡಿದ ಹೆಂಗಸು. ಬಣ್ಣದ ಹಿಂದಿನ ಬಿರುಕು ಅವರ ಕಣ್ಣು ತಪ್ಪಿಸಿದ್ದೇ ಇಲ್ಲ. ಅವರು ಹೇಳಿದ್ದನ್ನು ಬರೆದುಕೊಳ್ಳುವುದು ರಂಜಿತಳ ಕೆಲಸ. ಆರು ವರ್ಷದಲ್ಲಿ ಇಬ್ಬರೂ ಎಷ್ಟು ಗೋಡೆ ನೋಡಿದ್ದರೋ, ತಿರುಗಿ ತಟ್ಟಿದ ಗೋಡೆ ಇದೊಂದೇ.

"ಹೆಗ್ಗಣ," ಎಂದ ಕದಿರಪ್ಪ. ವಕ್ಕಲೇರಿಯ ಆ ಮನೆಯ ಪಡುವಣ ಅರ್ಧ ಅವನದು. ಅದನ್ನು ಮಾಲೂರಿನವರೊಬ್ಬರಿಗೆ ಮಾರಲು ಹೊರಟಿದ್ದ. ಮೂಡಣ ಅರ್ಧ ತಮ್ಮ ಮುನಿಶಾಮಿಯದು. ಎರಡಕ್ಕೂ ನಡುವೆ ಇದೊಂದೇ ಮಣ್ಣಿನ ಗೋಡೆ.

ಅಕ್ಕಯಮ್ಮ ಮೂರು ಸಲ ತಟ್ಟಿದರು. ಆಚೆಯಿಂದ ಮೂರು.

"ಎಣಿಸೋಕೆ ಕಲ್ತಿರೋ ಹೆಗ್ಗಣ ಕಣಪ್ಪಾ ನಿಂದು."

ಆದರೂ ಅವರು ಆಚೆ ಮನೆಗೆ ಹೊರಡುವ ಮುನ್ನ ಕೂತು ಗೋಡೆಯ ಬುಡ ನೋಡಿದರು. ಮನೆಯೆಲ್ಲ ಹಳೇ ಸುಣ್ಣ. ಈ ಗೋಡೆಯ ಬುಡಕ್ಕೆ ಮಾತ್ರ ಮೊಳದೆತ್ತರ ಹೊಸದು. ಬಾಗಿಲ ಚೌಕಟ್ಟಿನ ಸಂದಿಯಲ್ಲಿ ಗೆದ್ದಲಿನ ಮಣ್ಣಿನ ಸಾಲು ಒಣಗಿ, ಮುಟ್ಟಿದರೆ ಪುಡಿಯಾಯಿತು. ಒಳಗೆ ಜೀವವಿರುವ ಒಂದು ಹುಳವೂ ಇಲ್ಲ.

"ಗೆದ್ದಲಿಗೆ ಔಷಧಿ ಹಾಕಿಸಿದ್ದೆಯಾ?"

"ಈ ಮನೇಗೆ ಗೆದ್ದಲು ಬಂದೇ ಇಲ್ಲ. ಬರ್ಕೊಳಮ್ಮಾ," ಎಂದು ಕದಿರಪ್ಪ ರಂಜಿತಳ ಪುಸ್ತಕ ತೋರಿಸಿದ. ರಂಜಿತ ಬರೆದುಕೊಂಡಳು.

ಆಚೆ ಮನೆಯ ಬಾಗಿಲಲ್ಲಿ ಮುನಿಶಾಮಿಯ ಹೆಂಡತಿ ಆಂಜಿನಮ್ಮ ಅಡ್ಡ ನಿಂತಳು. ಒಳಗೆ ಮೂಲೆ ಕೋಣೆಗೆ ಬೀಗ.

"ನಮ್ಮ ಮನೆ ವಿಷಯ ನಿಮಗ್ಯಾಕೆ? ಬೆಳಗ್ಗೆಯಿಂದ ಸೊಸೇನ ಒಳಗೆ ಕೂರ್ಸಿದೀವಿ. ಅವಳಪ್ಪ ಶ್ರೀನಿವಾಸಪುರದಿಂದ ಬರ್ತಾನೆ, ಕರ್ಕೊಂಡು ಹೋಗ್ತಾನೆ. ಮತ್ತೆ ಈ ಹೊಸಲು ತುಳಿಯೋದು ಬೇಡ."

"ಬೀಗ ತೆಗಿಯಮ್ಮಾ," ಎಂದರು ಅಕ್ಕಯಮ್ಮ. "ನೀನು ತೆಗೀದಿದ್ರೆ ಪೊಲೀಸ್ನೋರು ತೆಗೀತಾರೆ."

ಬಾಗಿಲು ತೆರೆಯಿತು. ಖಾಲಿ ಗೋಣಿಚೀಲಗಳ ಮಧ್ಯೆ ನಡುಗೋಡೆಗೆ ಒರಗಿ ಸೊಸೆ ಸುನಂದ ಕೂತಿದ್ದಳು. ಕಿಟಕಿಯಿಲ್ಲದ ಕೋಣೆ, ರಂಜಿತಳಿಗೆ ಹೊಸಲಲ್ಲೇ ಉಸಿರು ಕಟ್ಟಿತು. ಬಾಗಿಲು ತೆರೆದರೂ ಹುಡುಗಿ ಏಳಲಿಲ್ಲ. ಅಂಗಳದಲ್ಲಿ ಮಾವ ಮುನಿಶಾಮಿ, ಬೀದಿಯಲ್ಲಿ ಅಕ್ಕಪಕ್ಕದವರು. ಎದ್ದು ಎಲ್ಲಿಗೆ ಹೋಗಬೇಕು?

"ಏನ್ ಮಾಡ್ದೆ ಮಗಾ?"

"ಹೊರಗಾಗಿದ್ದೆ. ಭಾನುವಾರ ಎಲ್ರೂ ಮುಳಬಾಗಿಲಿಗೆ ಮದುವೇಗೆ ಹೋದ್ರು, ನಾನು ಇದೇ ಕೋಣೇಲಿ ಕೂತಿದ್ದೆ. ಸಾಯಂಕಾಲ ಆದ್ರೂ ಯಾರೂ ಬರ್ಲಿಲ್ಲ. ರೇಷ್ಮೆ ಹುಳ ನಾಲ್ಕನೇ ಜ್ವರ ಮುಗಿಸಿ, ಪೊರೆ ಬಿಟ್ಟು ಎದ್ದಿದ್ವು, ಹಸಿವು ತಡೀತಾವಾ? ಹುಳದ ಮನೇಗೆ ಹೋಗಿ ಸೊಪ್ಪು ಹಾಕ್ದೆ. ಸೋಮವಾರದಿಂದ ಸಾಯೋಕೆ ಶುರುವಾದ್ವು." ಅವಳು ತಲೆ ಎತ್ತಿದಳು. "ಹೋಗಿದ್ದು ನಿಜ. ಸುಳ್ಳು ಹೇಳಲ್ಲ."

ರಂಜಿತ ಅಕ್ಕಯಮ್ಮನ ಮುಖ ನೋಡಿದಳು. ಒಪ್ಪಿಕೊಂಡವಳನ್ನು ಬಿಡಿಸುವುದು ಹೇಗೆ?

"ಆವತ್ತು ಮನೇಲಿ ಇನ್ಯಾರಿದ್ರು?" ಎಂದು ಕೇಳಿದರು ಅಕ್ಕಯಮ್ಮ.

"ಯಾರೂ ಇಲ್ಲ. ಮಧ್ಯಾಹ್ನ ಮಾತ್ರ ಗೊರ್ರ್ ಅಂತ ಸದ್ದು. ಒರಗಿ ಕೂತಿದ್ನಲ್ಲ, ಬೆನ್ನೆಲ್ಲ ಅದುರ್ತು."

"ನಾನೇ, ತೋಟದ ಬೋರ್‌ವೆಲ್ ಮೋಟಾರು ರಿಪೇರಿ ಮಾಡಿಸ್ತಿದ್ದೆ," ಎಂದ ಕದಿರಪ್ಪ ಹಿಂದಿನಿಂದ. "ಮಂಡಿನೋವು ಅಂತ ಮದುವೇಗೆ ಹೋಗ್ಲಿಲ್ಲ. ಮುನಿಶಾಮಿ, ನಾನು ಮೊದಲೇ ಹೇಳ್ದೆ. ಮೈಲಿಗೆ ಸೋಕಿದ ಹುಳ ಉಳಿಯಲ್ಲ ಕಣೋ."

ಹುಳದ ಮನೆ ಆ ಕೋಣೆಯ ಪಕ್ಕಕ್ಕೇ ಇತ್ತು. ಅಕ್ಕಯಮ್ಮ ಬಾಗಿಲಲ್ಲಿ ನಿಂತೇ ನೋಡಿದರು. ನಡುಗೋಡೆಗೆ ಅಂಟಿದ ತಟ್ಟೆಗಳಲ್ಲಿ ಹುಳಗಳು ಹಸಿರು ನೀರು ಕಕ್ಕಿ, ತಲೆ ಒದರಿ ಸತ್ತುಬಿದ್ದಿದ್ದವು. ಕಿಟಕಿ ಕಡೆಯವು ಚರಚರ ಸೊಪ್ಪು ತಿನ್ನುತ್ತಿದ್ದವು. ಗೋಡೆಯ ಬುಡದಲ್ಲಿ ಇರುವೆಗಳ ಸಾಲು ಸಾಲಾಗಿಯೇ ಸತ್ತಿತ್ತು.

"ಸುನಂದ, ಎರಡೂ ಕಡೆಗೆ ಸೊಪ್ಪು ಎಲ್ಲಿಂದ ತಂದೆ?"

"ಒಂದೇ ಮಕ್ಕರಿ ಸೊಪ್ಪು, ಅಕ್ಕಯ್ಯಾ. ಎರಡೂ ಕಡೆಗೆ ಅದನ್ನೇ ಹಾಕ್ದೆ."

ಮಧ್ಯಾಹ್ನದ ಬಸ್ಸಿಗೆ ಸುನಂದಳ ಅಪ್ಪ ಸೊಣ್ಣಪ್ಪ ಬಂದ. ಮಗಳ ಬಟ್ಟೆಯ ಚೀಲ ಜಗಲಿಯ ಮೇಲೆ ಆಗಲೇ ಸಿದ್ಧವಿತ್ತು. ಅದನ್ನು ಕಂಡು ಅವನ ಮುಖ ಇಳಿದುಹೋಯಿತು. ಅಕ್ಕಯಮ್ಮ ಎಲ್ಲರನ್ನೂ ಕದಿರಪ್ಪನ ನಡುಮನೆಗೆ ಕರೆದರು.

"ಇವಳು ಮುಟ್ಟಿದ್ದಕ್ಕೇ ಸತ್ತವು ಅಂದ್ರೆ ಎಲ್ಲಾ ತಟ್ಟೇನೂ ಸಾಯ್ಬೇಕಿತ್ತು. ಅದೇ ಕೈ, ಅದೇ ಸೊಪ್ಪು. ಸತ್ತಿದ್ದು ಗೋಡೆ ಪಕ್ಕದವು ಮಾತ್ರ. ಹಾಗಾದ್ರೆ ತಪ್ಪು ಕೈಯಲ್ಲಿಲ್ಲ, ಗೋಡೇಲಿದೆ. ರೋಗ ಬಂದ್ರೆ ಹುಳ ಮೆತ್ತಗಾಗ್ತಾವೆ. ಹಸಿರು ಕಕ್ಕಿ ತಲೆ ಒದರೋದು ವಿಷಕ್ಕೆ. ಇರುವೆಗೂ ರೇಷ್ಮೆ ಹುಳದ ರೋಗ ಬರ್ತದಾ? ಇನ್ನು ತೋಟದ ಮೋಟಾರು. ಮುನಿಶಾಮಿ, ತೋಟ ಎಷ್ಟು ದೂರ?"

"ಕೆರೆ ಆಚೆಗೆ ಅಕ್ಕಯ್ಯಾ. ಒಂದು ಮೈಲಿ."

"ಒಂದು ಮೈಲಿ ದೂರದ ಮೋಟಾರಿಗೆ ಬೆನ್ನು ಅದುರಲ್ಲ. ಅದುರಿದ್ದು ಗೋಡೆ."

ಅವರು ಸೊಂಟದ ಚೀಲದಿಂದ ಮೊಳೆ ತೆಗೆದು ಹೊಸ ಸುಣ್ಣ ಕೆರೆದರು. ಬೆರಳಗಲದ ಬಿಳಿ ಸಿಮೆಂಟಿನ ಬಿಲ್ಲೆ ಕಂಡಿತು. ಅಡಿಗೊಂದರಂತೆ ಇನ್ನೊಂದು, ಮತ್ತೊಂದು. ಮೀಟಿದಾಗ ಒಂದು ಕಳಚಿ ಬಿತ್ತು. ತೂತಿನಿಂದ ಘಾಟು ಮೂಗಿಗೆ ಹೊಡೆಯಿತು. ರಂಜಿತ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಗೆದ್ದಲ ಔಷಧಿ. ಡ್ರಿಲ್ ಹಾಕಿ ಸುರಿದು, ತೂತು ಮುಚ್ಚಿ, ಸುಣ್ಣ ಬಳಿದ್ರು. ಗೆದ್ದಲು ಬಂದೇ ಇಲ್ಲ ಅಂದ ಮನೇಲಿ ಗೆದ್ದಲು ಸತ್ತು ಒಣಗಿತ್ತು, ಆಗಲೇ ನನಗೆ ಅನುಮಾನ. ಗಿರಾಕಿ ಕಣ್ಣಿಗೆ ಗೆದ್ದಲು ಬೀಳಬಾರದು ಅಂತ ಮಾಡಿದ ಕೆಲಸ. ಮಣ್ಣಿನ ಗೋಡೆ ಈಚೆ ಕುಡಿದದ್ದನ್ನ ಆಚೆ ಬಿಡ್ತು. ಈ ಮನೆ ಬೀಗದ ಕೈ ಯಾರ ಹತ್ರ ಐತೆ? ಭಾನುವಾರ ಊರಲ್ಲಿ ಉಳಿದೋರು ಯಾರು?"

ಎಲ್ಲರ ಕಣ್ಣೂ ಕದಿರಪ್ಪನ ಮೇಲೆ ಬಿತ್ತು. ಅವನು ಗೋಡೆಗೆ ಒರಗಲು ಹೋಗಿ, ಒರಗದೆ ನೇರ ನಿಂತ.

"ಹುಳ ಸಾಯ್ಲಿ ಅಂತ ಮಾಡ್ಲಿಲ್ಲ ಕಣೋ, ಮುನಿಶಾಮಿ. ಆಣೆ ಮಾಡ್ತೀನಿ."

"ಗೊತ್ತು," ಎಂದರು ಅಕ್ಕಯಮ್ಮ. "ಸತ್ತ ಮೇಲೆ ಬಾಯಿ ಬಿಡ್ಬೇಕಿತ್ತು. ಬಿಟ್ಟೆ, ಮೈಲಿಗೆ ಅನ್ನೋಕೆ. ಆ ಹುಡುಗೀನ ನೀನೇ ಒಳಗೆ ಹಾಕ್ದೆ. ಬೀಗ ಇವರು ಹಾಕಿದ್ರು, ಅಷ್ಟೇ. ರಂಜಿತಾ, ಗೆದ್ದಲಿಲ್ಲ ಅಂತ ಬರೆದಿದ್ದೆಯಲ್ಲ, ಹೊಡೆದುಹಾಕು."

ರಂಜಿತ ಆ ಸಾಲಿನ ಮೇಲೆ ಗೆರೆ ಎಳೆದಳು. ಮುನಿಶಾಮಿ ಅಣ್ಣನ ಮುಖ ನೋಡದೆ ಹೊರಗೆ ನಡೆದ. ಆಂಜಿನಮ್ಮ ಮೆಲ್ಲಗೆ ಸೊಸೆಯ ಹತ್ತಿರ ಬಂದಳು. ಅವಳ ದನಿ ರಂಜಿತಳಿಗೂ ಕಷ್ಟದಿಂದ ಕೇಳಿಸಿತು.

"ನಾನೂ ಹೋಗ್ತಿದ್ದೆ ಕಣೇ. ಮೂವತ್ತು ವರ್ಷ. ಹೊರಗಾದಾಗ್ಲೂ ಯಾರಿಗೂ ಕಾಣದ ಹಾಗೆ ಹೋಗಿ ಸೊಪ್ಪು ಹಾಕ್ತಿದ್ದೆ. ಹಸ್ಕೊಂಡಿರೋವನ್ನ ಹೆಂಗೆ ಬಿಡ್ಲಿ?"

"ಆಗ ಹುಳ ಸತ್ವಾ ಅತ್ತೇ?"

"ಇಲ್ಲ. ಒಂದೂ ಸಾಯ್ಲಿಲ್ಲ."

ಸುನಂದ ಜಗಲಿಗೆ ಹೋಗಿ ಬಟ್ಟೆಯ ಚೀಲ ಎತ್ತಿಕೊಂಡಳು. ಯಾರೂ ಹೋಗೆನ್ನಲಿಲ್ಲ, ಯಾರೂ ತಡೆಯಲಿಲ್ಲ. ಅಪ್ಪನ ಪಕ್ಕ ನಿಂತು ಒಮ್ಮೆ ತಿರುಗಿದಳು.

"ಇದನ್ನ ಬೆಳಗ್ಗೆ ಹೇಳಿದ್ರೆ ಆಗ್ತಿತ್ತು, ಅತ್ತೇ."