ಗೇಟಿನ ಬಳಿ ಬಿಟ್ಟುಹೋದ ಐವತ್ತೆರಡು ವ್ಯಾಗನ್

ಮಂಗಳವಾರ ಬೆಳಿಗ್ಗೆ 11.20ಕ್ಕೆ ಅದಿರು ಕಂಪನಿಯ ಸಾರಿಗೆ ಮ್ಯಾನೇಜರ್ ಠಾಣೆಗೆ ದೂರು ತಂದರು. ಕಂಪನಿಯ ಸ್ವಂತ ಹಳಿಯ ಮೇಲೆ ಗಣಿಯಿಂದ ನೂರು ವ್ಯಾಗನ್ ಎಳೆದುಕೊಂಡು ಹೊರಟ ರೈಲು ಬಂದರು ಮುಟ್ಟಿದಾಗ ನಲವತ್ತೆಂಟೇ ಇದ್ದವು. ಉಳಿದವು ಹದಿನಾಲ್ಕು ಕಿಲೋಮೀಟರ್ ಹಿಂದೆ, ಲೆವೆಲ್ ಕ್ರಾಸಿಂಗ್ ಗೇಟಿನ ಹತ್ತಿರ ಅನಾಥವಾಗಿ ನಿಂತಿದ್ದವು. ಹಡಗು ಅರೆಹೊಟ್ಟೆಯಲ್ಲಿ ಕಾಯುತ್ತಿದೆ, ಸಂಜೆಯೊಳಗೆ ಆರೋಪಿ ಬೇಕು ಎಂದು ಮ್ಯಾನೇಜರ್ ಅಪ್ಪಣೆ ಕೊಡುವವರಂತೆ ಹೇಳಿದರು. ಇನ್ಸ್‌ಪೆಕ್ಟರ್‌ಗೆ ಅಂಗಾಲಿನ ಉರಿ ನೆತ್ತಿಗೇರಿತು. ಆದರೂ ಆಕೆ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೆಬಲ್ ಜೊತೆ ಜೀಪು ಹತ್ತಿದಳು.

12.45ಕ್ಕೆ ಸ್ಥಳದಲ್ಲಿ ಪಂಚನಾಮೆ ನಡೆಯಿತು. ವ್ಯಾಗನ್ ವ್ಯಾಗನ್ ಜೋಡಿಸುವ ಕೊಂಡಿ ಮುರಿದಿರಲಿಲ್ಲ, ಕ್ರಮವಾಗಿ ಬಿಚ್ಚಲಾಗಿತ್ತು. ಹಿಂದೆ ಉಳಿದ ವ್ಯಾಗನ್‌ಗಳಲ್ಲಿ ಹತ್ತಕ್ಕೆ ಕೈಬ್ರೇಕ್ ಬಿಗಿಯಲಾಗಿತ್ತು.

"ಹಾಳು ಮಾಡೋಕೆ ಬಂದವನು ಬ್ರೇಕ್ ಯಾಕೆ ಬಿಗೀತಾನೆ ಮೇಡಂ?" ಎಂದ ಹೆಡ್ ಕಾನ್‌ಸ್ಟೆಬಲ್.

"ಇಲ್ಲಿ ಇಳಿಜಾರು. ಉರುಳಿ ಯಾರ ಮೇಲೂ ಹೋಗಬಾರದು ಅಂತ. ಕಸುಬು ಬಲ್ಲವನ ಕೈ ಇದು."

ರೈಲಿನ ಚಾಲಕನ ಹೇಳಿಕೆ ಚುಟುಕಾಗಿತ್ತು. ಬಂದರಿನಲ್ಲಿ ಜಾಗವಿಲ್ಲದೆ 7.05ಕ್ಕೆ ರೈಲು ಕ್ರಾಸಿಂಗಿಗೆ ಅಡ್ಡವಾಗಿ ನಿಂತಿತು. 7.40ಕ್ಕೆ ವಾಕಿಟಾಕಿಯಲ್ಲಿ ಯಾರೋ ಕಂಟ್ರೋಲ್ ರೂಮಿನವರೆಂದು ಹೇಳಿ, ಸ್ವಲ್ಪ ಮುಂದೆ ಎಳೆಯಲು ತಿಳಿಸಿದರು, ಎಳೆದ. 8.15ಕ್ಕೆ ಸಿಗ್ನಲ್ ಸಿಕ್ಕಿತು, ಹೊರಟ. ಹಿಂದೆ ಅರ್ಧ ರೈಲೇ ಇಲ್ಲವೆಂದು ಅವನಿಗೆ ಗೊತ್ತಾದದ್ದು ಬಂದರಿನಲ್ಲಿ.

ಕಂಪನಿಯ ಗೇಟ್‌ಮ್ಯಾನ್ ಐವತ್ತು ದಾಟಿದ ಆಳು. ಏನೂ ನೋಡಲಿಲ್ಲ ಎಂದ, ನೆಲ ನೋಡುತ್ತಲೇ. ಗೇಟಿನ ಪಕ್ಕದ ಅಂಗಡಿಯವಳು ಮಾತ್ರ, ಬೆಳಿಗ್ಗೆ ಆಂಬುಲೆನ್ಸ್ ಒಂದು ಅಲ್ಲಿ ಸಿಕ್ಕಿಹಾಕಿಕೊಂಡಿತ್ತು ಎಂದಳು.

ಮೂರು ಗಂಟೆಗೆ ಆಸ್ಪತ್ರೆಯಲ್ಲಿ ಆ ಆಂಬುಲೆನ್ಸ್ ಚಾಲಕ ಸಿಕ್ಕಿದ. ಮೊದಲು ಗಾಡಿ ತೊಳೆಯಬೇಕು ಎಂದು ನೆಪ ಹೇಳಿದ. ಇನ್ಸ್‌ಪೆಕ್ಟರ್ ಎದ್ದು ಹೋಗದೆ ಎದುರಿಗೇ ಕೂತಾಗ ಹೇಳಿದ. ಗಾಡಿಯಲ್ಲಿ ಹೆರಿಗೆಯ ಹೆಂಗಸು, ನಿಲ್ಲದ ರಕ್ತಸ್ರಾವ. ಗೇಟ್‌ಮ್ಯಾನ್ ಮೊಣಕೈವರೆಗೂ ಗ್ರೀಸ್ ಮೆತ್ತಿಕೊಂಡು ವ್ಯಾಗನ್‌ಗಳ ಸಂದಿಯಿಂದ ಈಚೆ ಬಂದ. ವಾಕಿಟಾಕಿ ಬಾಯಿಗಿಟ್ಟು ಏನೋ ಹೇಳಿದ. ರೈಲು ಸರಿಯಿತು, ಗೇಟು ತೆರೆಯಿತು. ತಾಯಿ ಮಗು ಇಬ್ಬರೂ ಬದುಕಿದ್ದರು.

4.30ಕ್ಕೆ ಇನ್ಸ್‌ಪೆಕ್ಟರ್ ಕಂಪನಿಯ ಕಂಟ್ರೋಲ್ ರೂಮಿಗೆ ಹೋಗಿ ಫೋನ್ ಧ್ವನಿಮುದ್ರಣ ಹಾಕಲು ಹೇಳಿದಳು. ಅದಕ್ಕೂ ಈ ಕೇಸಿಗೂ ಸಂಬಂಧವಿಲ್ಲ ಎಂದು ಮ್ಯಾನೇಜರ್ ತಕರಾರೆತ್ತಿದರು.

"ಸಂಬಂಧ ಇದೆಯೋ ಇಲ್ವೋ ಅಂತ ನಾನು ಹೇಳ್ತೀನಿ. ಹಾಕಿ."

ಆ ಬೆಳಿಗ್ಗೆ ಗೇಟ್‌ಮ್ಯಾನ್ ಮೂರು ಸಲ ಫೋನ್ ಮಾಡಿ, ರೈಲಿನ ಕೊಂಡಿ ಬಿಚ್ಚಿಸಿ ದಾರಿ ಕೊಡಿ ಎಂದು ಗೋಗರೆದಿದ್ದ. ಮೂರು ಸಲವೂ ಒಂದೇ ಉತ್ತರ: "ಹಡಗು ಕಾಯ್ತಿದೆ. ಕೊಂಡಿ ಬಿಚ್ಚೋ ಹಾಗಿಲ್ಲ ಅಂತ ಮ್ಯಾನೇಜರ್ ಅಪ್ಪಣೆ." ಹೆಡ್ ಕಾನ್‌ಸ್ಟೆಬಲ್ ಹಳೆಯ ಧ್ವನಿಮುದ್ರಣಗಳನ್ನೂ ಕೆದಕಿದ. ನಾಲ್ಕು ತಿಂಗಳ ಹಿಂದೆ ನಲವತ್ತೇಳು ನಿಮಿಷದಲ್ಲಿ ಹನ್ನೊಂದು ಕರೆ. ಅದೇ ಗೇಟ್‌ಮ್ಯಾನ್, ಅದೇ ಉತ್ತರ. ಹನ್ನೊಂದನೆಯದರಲ್ಲಿ ಅವನು ಬರೀ ಅಳುತ್ತಿದ್ದ. ಇನ್ಸ್‌ಪೆಕ್ಟರ್ ಮ್ಯಾನೇಜರ್ ಕಡೆ ತಿರುಗಿದಳು. ಅವರು ಗಡಿಯಾರ ನೋಡುತ್ತಿದ್ದರು.

5.40ಕ್ಕೆ ಮತ್ತೆ ಗೇಟಿನ ಕೋಣೆ.

"ನಾಲ್ಕು ತಿಂಗಳ ಹಿಂದೆ ರೈಲಿನ ಆಚೆ ಕಡೆ ಯಾರಿದ್ರು?"

"ಅತ್ತಿಗೆ. ನನ್ನ ಎತ್ತಿ ಬೆಳೆಸಿದೋಳು. ಎದೆನೋವು ಅಂತ ಅಣ್ಣ ಜೀಪಲ್ಲಿ ಕರಕೊಂಡು ಬಂದಿದ್ದ." ಗೇಟ್‌ಮ್ಯಾನ್ ತನ್ನ ಅಂಗೈ ನೋಡಿಕೊಂಡ. "ಗೇಟಿಗೆ ಬರೋ ಮೊದಲು ಇಪ್ಪತ್ತು ವರ್ಷ ರೈಲು ಯಾರ್ಡಲ್ಲಿ ಕೊಂಡಿ ಬಿಚ್ಚೋದೇ ನನ್ನ ಕೆಲಸ ಆಗಿತ್ತು ಮೇಡಂ. ಅವತ್ತೂ ಬಿಚ್ಚಬಹುದಿತ್ತು. ಅಪ್ಪಣೆ ಇಲ್ಲ ಅಂತ ಕೈ ಕಟ್ಟಿ ನಿಂತೆ. ಅವಳು ಜೀಪಲ್ಲೇ ಜೀವ ಬಿಟ್ಟಳು."

"ಮಧ್ಯಾಹ್ನ ಯಾಕೆ ಸುಳ್ಳು ಹೇಳಿದ್ರಿ?"

"ನಾಳೆ ಇನ್ನೊಂದು ರೈಲು ನಿಲ್ಲುತ್ತೆ. ನೀವು ನನ್ನ ಕರಕೊಂಡು ಹೋದ್ರೆ ಬಿಚ್ಚೋರು ಯಾರು?"

5.55ಕ್ಕೆ ಅವನನ್ನು ದಸ್ತಗಿರಿ ಮಾಡಿದರು. ಇನ್ಸ್‌ಪೆಕ್ಟರ್ ಬೇಡಿ ಹಾಕಿಸಲಿಲ್ಲ. ಮರುದಿನ 9.10ಕ್ಕೆ ಅವನ ಅಣ್ಣನ ದೂರು ಪಡೆದು, ಮ್ಯಾನೇಜರ್ ಮತ್ತು ಕಂಟ್ರೋಲ್ ಅಧಿಕಾರಿಯ ಮೇಲೆ ನಿರ್ಲಕ್ಷ್ಯದಿಂದ ಅತ್ತಿಗೆಯ ಸಾವಿಗೆ ಕಾರಣವಾದ ಆರೋಪದಡಿ ಎರಡನೇ ಎಫ್‌ಐಆರ್ ಹಾಕಿದಳು. ಆಮೇಲೆ ಮೊದಲ ಕೇಸಿನ ಡೈರಿ ತೆಗೆದಳು. ಕಂಪನಿಯವರು ಕೃತ್ಯದ ಉದ್ದೇಶ ದ್ವೇಷವೆಂದು ಹೇಳಿದ್ದರು. ಆಕೆ ಬರೆದದ್ದು ಹೀಗೆ: ಆರೋಪಿಗೆ ಕಂಪನಿಯ ಮೇಲೆ ಸಿಟ್ಟಿತ್ತು ನಿಜ. ಅದಕ್ಕಿಂತ ದೊಡ್ಡ ಸಿಟ್ಟು, ಒಮ್ಮೆ ಅವರ ಮಾತು ಕೇಳಿ ಕೈ ಕಟ್ಟಿ ನಿಂತ ತನ್ನ ಮೇಲೆಯೇ ಇತ್ತು.