ಕಡಿದ ಮರಗಳ ನೆರಳು

ಎರ್ವೆ ನನಗೆ ಹೇಳಿದ ಮೊದಲ ಮಾತು: "ಮೇಡಂ, ನೀವು ಬಂದಿದ್ದೀರಾ, ಇನ್ನೂ ಬರ್ಬೇಕಾ?"

ನಾನು ಐದು ನಿಮಿಷದಿಂದ ಅವರ ಎದುರಿಗೇ ನಿಂತಿದ್ದೆ. ಇಬ್ಬರು ಒಟ್ಟಿಗೆ ತುಳಿಯುವ ಸೈಕಲ್ಲಿನ ಮುಂದಿನ ಹ್ಯಾಂಡಲ್ ನನ್ನ ಕೈಯಲ್ಲೇ ಇತ್ತು. ಕಣ್ಣು ಕಾಣದವರ ಮುಂದೆ ನಿಂತಾಗ ಬಾಯಿ ಬಿಡಬೇಕು ಎನ್ನುವಷ್ಟು ಸಾಮಾನ್ಯ ಬುದ್ಧಿಯೂ ನನಗೆ ಆಗ ಉಳಿದಿರಲಿಲ್ಲ.

"ಬಂದಿದ್ದೀನಿ," ಅಂದೆ.

"ಹಾಗಾದ್ರೆ ಸ್ವಲ್ಪ ಕೆಮ್ಮಿ, ಸೀನಿ, ಏನಾದ್ರೂ ಮಾಡಿ. ಇನ್ನೊಂದು ಕ್ಷಣ ತಡ ಆಗಿದ್ರೆ ಈ ಗೋಡೆಗೇ ನನ್ನ ಪರಿಚಯ ಹೇಳ್ಕೊಂಡ್ಬಿಡ್ತಿದ್ದೆ."

ಕ್ಲಬ್ಬಿನ ಮುಖ್ಯಸ್ಥೆ ಮಿರೆಯ್ ಬಿದ್ದು ಬಿದ್ದು ನಕ್ಕಳು. ನಾನು ನಗಲಿಲ್ಲ. ತಮಾಷೆಯೆಂದು ಗೊತ್ತಾಗಿತ್ತು, ನಗು ಮಾತ್ರ ಬರಲಿಲ್ಲ.

ನಮ್ಮ ಬರ್ಗಂಡಿ ಸೀಮೆಯಲ್ಲಿ ಹಳೆಯ ರೈಲು ಹಳಿಗಳನ್ನು ಕಿತ್ತು ಮಾಡಿದ ಸೈಕಲ್ ದಾರಿಯಿದೆ. ಕಾರಿಲ್ಲ, ಲಾರಿಯಿಲ್ಲ. ಹಾಗಾಗಿ ಮಿರೆಯ್‌ಳ ಕ್ಲಬ್ಬು ಕಣ್ಣಿಲ್ಲದವರನ್ನು ಹಿಂದಿನ ಸೀಟಿನಲ್ಲಿ, ಕಣ್ಣಿದ್ದವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಅಲ್ಲಿ ಓಡಾಡಿಸುತ್ತದೆ. ಹೊಸ ಜೋಡಿಗೆ ಐದು ದಿನದ ಪ್ರಯಾಣ. ಕೊನೆಯ ಸಂಜೆ ಇಬ್ಬರೂ ಹೇಳಬೇಕು, ವರ್ಷವಿಡೀ ಇದೇ ಜೊತೆ ಬೇಕೋ ಬೇಡವೋ ಎಂದು. ಒಬ್ಬರು ಬೇಡ ಅಂದರೂ ಅಲ್ಲಿಗೆ ಮುಗಿಯಿತು.

ನಾನು ಬೇಡ ಅನ್ನುವುದಕ್ಕೇ ಬಂದಿದ್ದೆ. ಹೆಸರು ಕೊಟ್ಟವಳು ನನ್ನ ಮಗಳು. "ಅಮ್ಮ, ಒಂದ್ಸಲ ಹೋಗ್ಬಿಟ್ಟು ಬಾ, ಆಮೇಲೆ ನಾನು ಬಾಯಿ ತೆಗೆಯಲ್ಲ," ಎಂದಿದ್ದಳು. ಅವಳ ಬಾಯಿ ಮುಚ್ಚಿಸಲು ಐದು ದಿನ ಸೈಕಲ್ ತುಳಿಯುವುದು ಅಗ್ಗದ ವ್ಯಾಪಾರ ಅನ್ನಿಸಿತು.

ನನ್ನ ಗಂಡ ದೆನಿ ತೀರಿಕೊಂಡು ಎರಡು ವರ್ಷವಾಗಿತ್ತು. ಮಣ್ಣು ಮಾಡಿದ ದಿನವೂ ನಾನು ಅಳಲಿಲ್ಲ. ಸೊಲಾಂಜ್ ಗಟ್ಟಿಗಿತ್ತಿ ಎಂದು ಊರೆಲ್ಲ ಹೊಗಳಿತು. ಮರುವಾರವೇ ಮೇಯರ್ ಕಚೇರಿಗೆ ಹೋಗಿ ನನ್ನ ಗುಮಾಸ್ತೆಯ ಕುರ್ಚಿಯಲ್ಲಿ ಕೂತೆ. ಮದುವೆಯ ಅರ್ಜಿಗೂ ಮರಣದ ಅರ್ಜಿಗೂ ಒಂದೇ ಥರ ಸೀಲು ಒತ್ತಿದೆ. ಮೂಗಿಗೆ ಅಡರುವ ನಮ್ಮೂರ ಸಾಸಿವೆ ಗೊಜ್ಜನ್ನು ಚಮಚದಲ್ಲಿ ತಿಂದರೂ ನನ್ನ ಕಣ್ಣಲ್ಲಿ ನೀರು ಬರುತ್ತಿರಲಿಲ್ಲ.

ಹೊರಟ ಎರಡು ಗಂಟೆಯ ತನಕ ನಾನು ಆಡಿದ್ದು ನಾಲ್ಕೇ ಮಾತು.

"ಬಲ, ಎಡ, ಕಲ್ಲು, ಬ್ರೇಕ್," ಎಂದರು ಎರ್ವೆ ಹಿಂದಿನಿಂದ. "ನಮ್ಮ ಸೀಮೆಯಲ್ಲಿ ಇರೋದು ಇಷ್ಟೇನಾ ಮೇಡಂ? ನನಗೆ ಇಪ್ಪತ್ತೈದು ವರ್ಷ ಕಣ್ಣಿತ್ತು. ಆಗ ಇನ್ನೂ ಏನೇನೋ ಇತ್ತಪ್ಪ."

ಸರಿ, ಹೇಳತೊಡಗಿದೆ. ಹೇಳುವುದು ಕಷ್ಟವೇನಲ್ಲ. ಹನ್ನೆರಡು ವರ್ಷ, ಪ್ರತಿ ಮೇ ತಿಂಗಳಲ್ಲಿ, ದೆನಿ ಮತ್ತು ನಾನು ಇದೇ ದಾರಿಯಲ್ಲಿ ಹೋಗಿದ್ದೆವು. ಎಲ್ಲ ಬಾಯಿಪಾಠ. ಹಳೇ ರೈಲ್ವೆ ಸ್ಟೇಷನ್ನಿನ ನೀಲಿ ಬಾಗಿಲು, ಬಟ್ಟೆ ಒಗೆಯುತ್ತಿದ್ದ ಕಲ್ಲಿನ ಕೊಳ, ಗುಡ್ಡದ ಮೇಲಿನ ದ್ರಾಕ್ಷಿ ಸಾಲು, ಬಿಳಿ ಹಸುಗಳು. ಕಣ್ಣು ಎದುರಿನ ಡಾಂಬರಿನ ಮೇಲೆ, ಬಾಯಿ ತನ್ನ ಪಾಡಿಗೆ ತಾನು. ಹಿಂದಿನ ಸೀಟಿನಲ್ಲಿ ಎರ್ವೆ ಮೌನವಾಗಿ ಕೇಳುತ್ತಿದ್ದರು. ಪರವಾಗಿಲ್ಲ, ಈ ಕೆಲಸ ನನಗೆ ಬರುತ್ತದೆ ಅಂದುಕೊಂಡೆ.

ಮೂರನೆಯ ಮಧ್ಯಾಹ್ನ ಹುಲ್ಲಿನ ಮೇಲೆ ಕೂತು ಊಟ ಮಾಡುವಾಗ ನನ್ನ ಕೈಯಿಂದ ಚಾಕು ಜಾರಿತು.

"ಏನಾಯ್ತು?"

"ಏನಿಲ್ಲ. ಹ್ಯಾಂಡಲ್ ಹಿಡಿದೂ ಹಿಡಿದೂ ಎರಡು ಬೆರಳು ಜೋಮು ಹಿಡಿದಿವೆ."

"ಕೊಡಿ ಇಲ್ಲಿ." ಎರ್ವೆ ಕ್ಲುನಿ ಪಟ್ಟಣದಲ್ಲಿ ಫಿಸಿಯೋಥೆರಪಿಸ್ಟ್. ನನ್ನ ಅಂಗೈಯನ್ನು ತಮ್ಮ ಮಂಡಿಯ ಮೇಲಿಟ್ಟುಕೊಂಡು, ಮಣಿಕಟ್ಟಿನಿಂದ ಶುರುಮಾಡಿ ನಿಧಾನವಾಗಿ ಒತ್ತಿದರು. "ಇಲ್ಲಿ ಗೊತ್ತಾಗುತ್ತಾ?"

"ಇಲ್ಲ."

"ಇಲ್ಲಿ?"

"ಇಲ್ಲ."

"ಗೊತ್ತಾಗದಿದ್ರೆ ಬೇಡ ಬಿಡಿ. ನಾನು ಒತ್ತುತ್ತಿರ್ತೀನಿ. ನಿಮಗೇನೂ ಅವಸರ ಇಲ್ವಲ್ಲ?"

ಅವಸರವಿರಲಿಲ್ಲ. ಎಷ್ಟು ಹೊತ್ತು ಒತ್ತಿದರೋ ತಿಳಿಯದು. ಚೀಸ್ ಬಿಸಿಲಿಗೆ ಕರಗಿತು, ಇರುವೆಗಳು ಬ್ರೆಡ್ಡಿಗೆ ಮುತ್ತಿದವು. ನಾನು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ, ಅಷ್ಟೇ. ಅದಕ್ಕೆ ಆಗ ಯಾವ ಹೆಸರನ್ನೂ ಇಡಲಿಲ್ಲ.

ಅಂದು ಸಂಜೆ ನಾವು ತಂಗಿದ ಮನೆಯ ಒಡತಿ, "ನಿಮ್ಮ ಯಜಮಾನ್ರಿಗೆ ಇನ್ನೊಂದು ತುಂಡು ಮಾಂಸ ಹಾಕ್ಲಾ?" ಎಂದಳು.

"ಯಜಮಾನ್ರಲ್ಲ," ಅಂದೆ.

"ನಾನು ಬರೀ ಲಗೇಜು," ಎಂದರು ಎರ್ವೆ. "ಆದ್ರೂ ಮಾಂಸ ಹಾಕಿ. ಲಗೇಜು ತೂಕ ಇದ್ದಷ್ಟೂ ಮೇಡಮ್ಮಿಗೆ ವ್ಯಾಯಾಮ."

ತುಟಿಯ ಒಂದು ಮೂಲೆ ಅಲುಗಾಡಿದ ಹಾಗಾಯಿತು. ಯಾರಿಗೂ ಕಂಡಿರಲಾರದು.

ಐದನೆಯ ದಿನ. ಊರು ಮುಟ್ಟಲು ಇನ್ನು ಒಂದು ಗಂಟೆಯ ದಾರಿ. ಹೊಳೆಯ ಪಕ್ಕಕ್ಕೆ ಬಂದೆವು. ದೆನಿಗೆ ಅತ್ಯಂತ ಇಷ್ಟವಾದ ಜಾಗ.

"ಎಡಗಡೆ ಪಾಪ್ಲರ್ ಮರಗಳ ಸಾಲು," ಅಂದೆ. "ಎತ್ತರಕ್ಕೆ, ನೆಟ್ಟಗೆ. ನೆರಳು ಪಟ್ಟೆ ಪಟ್ಟೆಯಾಗಿ ದಾರಿ ಮೇಲೆ ಬಿದ್ದಿದೆ."

"ಬ್ರೇಕ್ ಹಾಕಿ," ಎಂದರು ಎರ್ವೆ.

ಸೈಕಲ್ ನಿಂತಿತು. ಇಬ್ಬರೂ ಕಾಲೂರಿದೆವು.

"ಮೇಡಂ, ಪಾಪ್ಲರ್ ಎಲೆ ಸುಮ್ನಿರೋ ಜಾತಿಯಲ್ಲ. ಇರುವೆ ಉಸಿರಾಡಿದ್ರೂ ಪಟಪಟ ಅನ್ನುತ್ತೆ. ಇಷ್ಟು ಗಾಳಿ ಇದೆ, ಸದ್ದೆಲ್ಲಿ? ಬಿಸಿಲು ನನ್ನ ಮುಖ ಸುಡ್ತಿದೆ, ನೆರಳೆಲ್ಲಿ?"

ತಲೆ ತಿರುಗಿಸಿ ನೋಡಿದೆ. ಮರಗಳಿರಲಿಲ್ಲ. ಹೊಳೆಯುದ್ದಕ್ಕೂ ಬೊಡ್ಡೆಗಳು. ಕಡಿದು ಬಹಳ ದಿನವಾಗಿರಬೇಕು, ಗಾಯದ ಬಿಳುಪೆಲ್ಲ ಬೂದಿಬಣ್ಣಕ್ಕೆ ತಿರುಗಿ ಸುತ್ತ ಹುಲ್ಲು ಬೆಳೆದಿತ್ತು.

"ನಿಮಗೆ ಯಾವಾಗಿನಿಂದ ಗೊತ್ತು?" ಎಂದೆ.

"ಎರಡನೇ ದಿನದಿಂದ. ಬೇಕರಿ ಮುಂದೆ ಹೋಗ್ತಿದ್ದೀವಿ ಅಂದ್ರಿ. ಬೆಳಿಗ್ಗೆ ಹೊತ್ತಲ್ಲಿ ಬ್ರೆಡ್ಡಿನ ವಾಸನೆ ಬರದ ಬೇಕರಿ ಯಾವ್ದು? ಹಸುಗಳು ಮಾತ್ರ ನಿಜ. ಮೂಗು ಸಾಕ್ಷಿ ಹೇಳ್ತು."

"ಆಗಲೇ ಯಾಕೆ ಹೇಳ್ಲಿಲ್ಲ?"

"ಚೆನ್ನಾಗಿ ಹೇಳ್ತಿದ್ರಿ. ನಿಮ್ಮ ಯಜಮಾನ್ರು ತೀರ್ಕೊಂಡಿದ್ದನ್ನ ಮಿರೆಯ್ ಮೊದಲೇ ಹೇಳಿದ್ಲು. ಅವರ ಜೊತೆ ನೋಡಿದ್ದು ಅಂತ ಗೊತ್ತಾಯ್ತು. ಬಾಯಿ ಹಾಕೋಕೆ ಮನಸ್ಸು ಬರ್ಲಿಲ್ಲ." ಮುಖವನ್ನು ಬಿಸಿಲಿನಿಂದ ಆಚೆ ತಿರುಗಿಸಿದರು. "ಆದ್ರೆ ಇವತ್ತು ಸಂಜೆ ಮಿರೆಯ್‌ಗೆ ನಾನು ಬೇಡ ಅಂತೀನಿ. ಈ ಸೈಕಲ್ಲಿಗೆ ಇರೋದು ಎರಡೇ ಸೀಟು. ಮುಂದೆ ನೀವು, ಹಿಂದೆ ನಿಮ್ಮ ಯಜಮಾನ್ರು. ನಾನೆಲ್ಲಿ ಕೂರ್ಲಿ?"

ಬೇಡ ಅನ್ನಬೇಕೆಂದು ಹೊರಟವಳು ನಾನು. ಅವರು ನನಗಿಂತ ಮುಂಚೆ ಅಂದರೆ ನನಗೇನು ನಷ್ಟ? ಕೆಲಸ ಸುಲಭವಾಯಿತು. ಆದರೆ ಅಂಗಾಲಿನಿಂದ ಏನೋ ಹತ್ತಿ ಬಂತು, ಕಿವಿಗಳು ಬಿಸಿಯಾದವು, ನನ್ನ ಗಂಟಲಿನಿಂದ ನನ್ನದಲ್ಲದ ದನಿ ಹೊರಟಿತು.

"ಹೋಗು! ಈಗ್ಲೇ ಹೋಗು! ನಿನ್ನನ್ನ ಯಾರು ಕಟ್ಹಾಕಿದ್ದಾರೆ? ನಾಲ್ಕು ದಿನ ಸುಮ್ನೆ ಕೇಳಿಸ್ಕೊಂಡು ಪರೀಕ್ಷೆ ಮಾಡ್ತಿದ್ಯಾ ನನ್ನನ್ನ?"

"ಅಬ್ಬಾ!" ಎಂದರು ಎರ್ವೆ. "ಏಕವಚನ!"

ಏಕವಚನಕ್ಕೆ ಇಳಿದಾಯಿತಲ್ಲ, ಇನ್ನು ಮುಂದೆ ಕಥೆಯಲ್ಲೂ ಅವನು ಎಂದೇ ಕರೆಯುತ್ತೇನೆ.

ಸೈಕಲ್ಲನ್ನು ಅವನ ಕೈಗೆ ತಳ್ಳಿ ಹೊಳೆಯ ಕಡೆ ನಡೆದೆ. ಒಂದು ಬೊಡ್ಡೆಯ ಮೇಲೆ ಕೂತು ಅತ್ತೆ. ಎರಡು ವರ್ಷದ ಅಳುವಿಗೆ ಲಕ್ಷಣವೆಲ್ಲಿಂದ ಬಂದೀತು? ಮೂಗು ಸೋರಿತು, ಬಿಕ್ಕಳಿಕೆ ಹತ್ತಿತು. ದೆನಿ ಇರಲಿಲ್ಲ. ಅವನ ಮರಗಳೂ ಇರಲಿಲ್ಲ. ಅದು ನನಗೆ ಅವತ್ತು ಗೊತ್ತಾಯಿತು.

ಅಳು ಇಳಿದ ಮೇಲೆ ದಾರಿಯ ಕಡೆ ನೋಡಿದೆ. ಎರ್ವೆ ಇದ್ದಲ್ಲೇ ಇದ್ದ. ಐದು ದಿನ ನನ್ನ ಬೆನ್ನ ಹಿಂದೆ ಕೂತಿದ್ದವನನ್ನು, ಎದುರು ಕೂತು ಉಂಡವನನ್ನು, ನಾನು ಒಮ್ಮೆಯೂ ನೋಡಿರಲಿಲ್ಲ.

"ಅಲ್ಲಾಡ್ಬೇಡ," ಎಂದು ಕೂಗಿದೆ. "ಕಾಣಿಸ್ತಿರೋದನ್ನ ಹೇಳ್ತೀನಿ."

ಅವನು ನನ್ನ ದನಿಯ ಕಡೆ ಮುಖ ತಿರುಗಿಸಿದ.

"ಮರ ಇಲ್ಲ. ಬರೀ ಬೊಡ್ಡೆ. ಹೊಳೆಯಲ್ಲಿ ನೀರು ಕಮ್ಮಿ. ದಾರಿ ಮೇಲೆ ಒಬ್ಬ ಮನುಷ್ಯ ನಿಂತಿದ್ದಾನೆ. ಉದ್ದ ಇದ್ದಾನೆ. ಕಿವಿ ದೊಡ್ಡವು."

"ಅದನ್ನ ಬಿಟ್ಟಿದ್ರೂ ನಡೀತಿತ್ತು."

"ಸುಳ್ಳು ಬೇಡ ಅಂದವನು ನೀನೇ. ಕುತ್ತಿಗೆ ಹತ್ರ ಕ್ಷೌರ ತಪ್ಪಿದೆ. ಶರ್ಟಿನ ಗುಂಡಿ ಒಂದು ಮನೆ ಬಿಟ್ಟು ಇನ್ನೊಂದಕ್ಕೆ ಹಾಕ್ಕೊಂಡಿದ್ದಾನೆ. ಕೂದಲು ನರೆತಿದೆ, ಹುಬ್ಬು ಮಾತ್ರ ಕಪ್ಪು. ಬಾಯಿ ನಗೋಕೆ ನೋಡ್ತಿದೆ, ಆದ್ರೆ ಹೆದರಿದ್ದಾನೆ."

"ಯಾಕಂತೆ ಹೆದರಿಕೆ?"

"ಈ ಹೆಂಗಸು ನಿಜವಾಗ್ಲೂ ಹೋಗ್ಬಿಡ್ತಾಳೇನೋ ಅಂತ."

ಅವನು ಸೈಕಲ್ಲಿನ ಹ್ಯಾಂಡಲ್ಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ. ನಾನು ಎದ್ದು ಅವನ ಹತ್ತಿರ ಹೋದೆ. ಶರ್ಟಿನ ಗುಂಡಿಗಳನ್ನು ಮೇಲಿನಿಂದ ಒಂದೊಂದಾಗಿ ಬಿಚ್ಚಿ ಸರಿಯಾದ ಮನೆಗೆ ಹಾಕತೊಡಗಿದೆ. ಅವನು ಉಸಿರು ಬಿಗಿಹಿಡಿದಿದ್ದ. ನನ್ನ ಮೂಗು ಮತ್ತೆ ಸೋರತೊಡಗಿತು.

"ಅಳ್ತಿದ್ದೀಯಾ?" ಎಂದ ಮೆಲ್ಲಗೆ.

"ಹೂಂ."

"ಅವರಿಗೋಸ್ಕರಾನಾ, ನನ್ನಿಂದಾನಾ?"

"ಗೊತ್ತಿಲ್ಲ. ಇಬ್ಬರಿಂದ್ಲೂ ಅಂತ ಇಟ್ಕೋ."

ಸಂತೋಷವಾಯಿತು ಎಂದರೆ ಸುಳ್ಳಾದೀತು. ನೋವಾಯಿತು. ಮಡಿಸಿ ಕೂತ ಕಾಲನ್ನು ಚಾಚಿದಾಗ ಸೂಜಿ ಚುಚ್ಚುತ್ತದಲ್ಲ, ಹಾಗೆ ಮೈಯೆಲ್ಲ ಚುಚ್ಚಿತು. ಆದರೂ ಕೊನೆಯ ಗುಂಡಿಯನ್ನು ಹಾಕಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡೆ.

ಉಳಿದ ದಾರಿಯುದ್ದಕ್ಕೂ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬಣ್ಣ ಕಳೆದುಕೊಂಡ ಬಾಗಿಲು, ಪ್ಲಾಸ್ಟಿಕ್ ಕುರ್ಚಿಗಳ ಅಂಗಳ, ಯಾರೋ ಎಸೆದ ಒಂಟಿ ಬೂಟು. ಅವನು ಒಂದೊಂದಕ್ಕೂ ನಕ್ಕ. ಸಂಜೆ ಐದಕ್ಕೆ ಕ್ಲಬ್ಬು ಮುಟ್ಟಿದೆವು. ಬೇಡ ಎನ್ನುವ ಮಾತನ್ನು ಅವನು ಹಿಂದಕ್ಕೆ ತೆಗೆದುಕೊಂಡಿರಲಿಲ್ಲ, ನಾನೂ ಕೇಳಿರಲಿಲ್ಲ.

ಮಿರೆಯ್ ಮೊದಲು ಅವನನ್ನು ಒಳಗೆ ಕರೆದಳು. ನಾನು ಹೊರಗಿನ ಬೆಂಚಿನಲ್ಲಿ ಕೂತು, ಎರಡು ವರ್ಷದಲ್ಲಿ ಮೊದಲ ಬಾರಿಗೆ, ಉಗುರು ಕಚ್ಚಿದೆ.

ಅವನು ಗೋಡೆ ಸವರುತ್ತಾ ಹೊರಬಂದು, ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ. ನಾನು ಒಳಗೆ ಹೋದೆ.

"ತಗೋ, ನಿನ್ನ ಸಾಲು ನೀನೇ ತುಂಬು," ಎಂದು ಮಿರೆಯ್ ಕಾಗದವನ್ನು ನನ್ನ ಮುಂದೆ ತಳ್ಳಿದಳು. ಅವಳ ಮುಖ ಕೆಂಪಾಗಿತ್ತು. "ಈ ಕೆಲಸ ಶುರು ಮಾಡಿ ಒಂಬತ್ತು ವರ್ಷ ಆಯ್ತು. ಇಂಥದ್ದನ್ನ ನನ್ನ ಕೈಲಿ ಯಾರೂ ಬರೆಸಿಲ್ಲ ಕಣೇ."

ಕಾಗದದಲ್ಲಿ ಎರಡು ಸಾಲು, ಮೂರು ಅಂಕಣ. ಮೇಲಿನ ಸಾಲಿನಲ್ಲಿ ಅವನು ಹೇಳಿದ್ದನ್ನು ಮಿರೆಯ್ ತನ್ನ ಗುಂಡು ಅಕ್ಷರಗಳಲ್ಲಿ ಬರೆದಿದ್ದಳು. ಹೆಸರು: ಎರ್ವೆ. ಜೊತೆ: ಬೇಕು. ಕಾರಣ: ಇವಳ ಮೇಲೆ ಪ್ರೀತಿ ಹುಟ್ಟಿದೆ.

ಮೂವತ್ತು ವರ್ಷ ಊರಿನ ಅರ್ಜಿಗಳನ್ನೆಲ್ಲ ತುಂಬಿಸಿದವಳು ನಾನು. ಪೆನ್ನು ತೆಗೆದುಕೊಂಡು ಕೆಳಗಿನ ಸಾಲಿನಲ್ಲಿ ಹೆಸರು ಬರೆದೆ, ಬೇಕು ಎಂದು ಬರೆದೆ. ಕಾರಣದ ಅಂಕಣಕ್ಕೆ ಬಂದಾಗ ಕೈ ಒಂದು ಕ್ಷಣ ನಿಂತಿತು.

ಆಮೇಲೆ ಬರೆದೆ: ಮೇಲಿನಂತೆ.